1912ರ ಪುಂಡಲೀಕನೋ, 1913ರ ಹರಿಶ್ಚಂದ್ರನೋ?

ಓದುಗರ ಪ್ರಶ್ನೆ: ಭಾರತದ ಮೊದಲ ಸಿನಿಮಾ 1913ರ ‘ರಾಜಾ ಹರಿಶ್ಚಂದ್ರ’ ಅಂತ ಎಲ್ಲ ಕ್ವಿಜ್ ಪುಸ್ತಕಗಳಲ್ಲೂ ಇದೆ. ಆದರೆ ಅದಕ್ಕಿಂತ ಒಂದು ವರ್ಷ ಮೊದಲೇ ‘ಪುಂಡಲೀಕ’ ಬಂದಿತ್ತಂತೆ. ಹಾಗಾದ್ರೆ ಯಾವುದು ಸರಿ?

ಪರೀಕ್ಷೆಯಲ್ಲಿ ಕೇಳಿದರೆ ಕಣ್ಣು ಮುಚ್ಚಿಕೊಂಡು ‘ರಾಜಾ ಹರಿಶ್ಚಂದ್ರ’ ಅಂತ ಬರೆಯಿರಿ, ಅಂಕ ಸಿಗುತ್ತದೆ. 2013ರಲ್ಲಿ ದೇಶವೆಲ್ಲ ಸಿನಿಮಾದ ನೂರು ವರ್ಷ ಆಚರಿಸಿದ್ದೂ ಇದೇ ಲೆಕ್ಕ ಹಿಡಿದು. ಆದರೆ ನಿಮ್ಮ ಅನುಮಾನ ಸುಳ್ಳಲ್ಲ. ಪುಂಡಲೀಕ ಮೊದಲೇ ಬಂದಿತ್ತು. ಅದೂ ಹರಿಶ್ಚಂದ್ರ ತೆರೆ ಕಂಡ ಅದೇ ಥಿಯೇಟರಿಗೆ!

ಮುಂಬೈನ ಗಿರಗಾಂವ್‌ನಲ್ಲಿದ್ದ ಕಾರೊನೇಷನ್ ಸಿನಿಮಾಟೋಗ್ರಾಫ್‌ನಲ್ಲಿ 1912ರ ಮೇ 18ರಂದು ‘ಶ್ರೀ ಪುಂಡಲೀಕ’ ತೆರೆ ಕಂಡಿತು. ಮಾಡಿದವರು ರಾಮಚಂದ್ರ ಗೋಪಾಲ ತೋರ್ಣೆ. ಹರಿಶ್ಚಂದ್ರ ಮಾಡಿದ ಫಾಲ್ಕೆಯವರ ಹಾಗೆ ಅವರನ್ನೂ ಜನ ದಾದಾಸಾಹೇಬ್ ಅಂತಲೇ ಕರೆಯುತ್ತಿದ್ದರು, ಗೊಂದಲಕ್ಕೆ ಇದೂ ಒಂದು ಕಾರಣ ಇರಬಹುದು. ಚಿತ್ರ ಸುಮಾರು 22 ನಿಮಿಷದ್ದು. ಜೊತೆಗೆ ಒಂದು ವಿದೇಶಿ ಚಿತ್ರವನ್ನೂ ತೋರಿಸುತ್ತಿದ್ದರು. ಮುಂಬೈನ ಅರ್ಧದಷ್ಟು ಹಿಂದೂಗಳು ಈಗಾಗಲೇ ನೋಡಿದ್ದಾರೆ, ಉಳಿದರ್ಧ ಜನರೂ ಬರಲಿ ಎನ್ನುವ ಧಾಟಿಯ ಜಾಹೀರಾತು ಪತ್ರಿಕೆಯಲ್ಲಿ ಬಂತು. ಸಿನಿಮಾದವರ ಬಡಾಯಿಗೂ ಅಷ್ಟೇ ವಯಸ್ಸಾಗಿದೆ ನೋಡಿ.

ಹಾಗಿದ್ದೂ ಇದನ್ನು ‘ಮೊದಲನೆಯದು’ ಅಂತ ಯಾಕೆ ಒಪ್ಪುವುದಿಲ್ಲ? ಮೂರು ಆಕ್ಷೇಪಣೆಗಳಿವೆ. ಇದು ಒಂದು ಮರಾಠಿ ನಾಟಕವನ್ನು ಹಾಗೇ ಕ್ಯಾಮೆರಾದಲ್ಲಿ ಹಿಡಿದಿದ್ದು. ಕ್ಯಾಮೆರಾ ತಿರುಗಿಸಿದವನು ಜಾನ್ಸನ್ ಎಂಬ ಬ್ರಿಟಿಷ್ ವ್ಯಕ್ತಿ. ಫಿಲ್ಮನ್ನು ತೊಳೆದು ಪ್ರಿಂಟ್ ಹಾಕಿದ್ದು ಲಂಡನ್ನಿನಲ್ಲಿ.

ಮೊದಲನೆಯ ಆಕ್ಷೇಪಣೆ ನನಗೆ ಅಷ್ಟು ಹಿಡಿಸುವುದಿಲ್ಲ. ಆ ಕಾಲದಲ್ಲಿ ಪ್ರಪಂಚದ ಅದೆಷ್ಟೋ ಸಿನಿಮಾಗಳು ನಾಟಕದ ಹಾಗೇ ಇದ್ದವು. ಕ್ಯಾಮೆರಾ ಒಂದೇ ಕಡೆ ನಿಂತಿರುತ್ತಿತ್ತು, ನಟರು ಅದರೆದುರು ಬಂದು ಹೋಗುತ್ತಿದ್ದರು. ಹರಿಶ್ಚಂದ್ರದಲ್ಲೂ ಅಂಥ ದೃಶ್ಯಗಳಿವೆ. ಬರೀ ‘ಯಾರು ಮೊದಲು ಕ್ಯಾಮೆರಾ ತಿರುಗಿಸಿದರು’ ಅಂತ ನೋಡಲು ಹೋದರೆ ಪುಂಡಲೀಕನೂ ಹಿಂದೆ ಬೀಳುತ್ತಾನೆ. ಸಾವೇ ದಾದಾ ಎಂದು ಹೆಸರಾದ ಹರಿಶ್ಚಂದ್ರ ಭಾಟವಡೇಕರ್ 1899ರಲ್ಲೇ ಮುಂಬೈನ ಹ್ಯಾಂಗಿಂಗ್ ಗಾರ್ಡನ್‌ನಲ್ಲಿ ಕುಸ್ತಿ ಪಂದ್ಯವೊಂದನ್ನು ಚಿತ್ರೀಕರಿಸಿದ್ದರು. ಕಲ್ಕತ್ತಾದ ಹೀರಾಲಾಲ್ ಸೇನ್ ರಂಗಮಂಟಪದ ನಾಟಕಗಳ ದೃಶ್ಯಗಳನ್ನು ತೆಗೆಯುತ್ತಿದ್ದರು. 1917ರ ಬೆಂಕಿಯಲ್ಲಿ ಅವರ ಚಿತ್ರಗಳೆಲ್ಲ ಸುಟ್ಟುಹೋದವು. ಅದರಿಂದಾಗಿ ಅವರ ಪರ ವಾದ ಮಾಡುವವರ ಕೈಯಲ್ಲಿ ಸಾಕ್ಷಿಯೇ ಇಲ್ಲ.

ಎರಡು ಮತ್ತು ಮೂರನೆಯ ಆಕ್ಷೇಪಣೆ ಮಾತ್ರ ಗಟ್ಟಿ. 1913 ದೊಡ್ಡ ವರ್ಷ ಆಗಿದ್ದೇ ಅಲ್ಲಿ.

ಧುಂಡಿರಾಜ್ ಗೋವಿಂದ ಫಾಲ್ಕೆ ತ್ರ್ಯಂಬಕೇಶ್ವರದವರು. ಮುಂಬೈ ಜೆ.ಜೆ. ಕಲಾಶಾಲೆಯಲ್ಲಿ, ಬರೋಡಾದ ಕಲಾಭವನದಲ್ಲಿ ಕಲಿತವರು. ಫೋಟೋಗ್ರಫಿ ಮಾಡಿದ್ದರು, ರವಿವರ್ಮನ ಚಿತ್ರಗಳ ಮುದ್ರಣಾಲಯದಲ್ಲಿ ದುಡಿದಿದ್ದರು, ಜಾದೂ ಕೂಡ ಬರುತ್ತಿತ್ತು. ನಲವತ್ತರ ವಯಸ್ಸಿನಲ್ಲಿ ಮುಂಬೈನಲ್ಲಿ ಯೇಸುವಿನ ಜೀವನದ ಚಿತ್ರ ನೋಡಿದರು. ನಮ್ಮ ರಾಮ, ಕೃಷ್ಣರನ್ನು ಪರದೆಯ ಮೇಲೆ ನೋಡುವುದು ಯಾವಾಗ ಎಂಬ ಗುಂಗು ತಲೆಗೆ ಹತ್ತಿತು. ಜೀವವಿಮೆ ಪಾಲಿಸಿ ಅಡವಿಟ್ಟು ಸಾಲ ಎತ್ತಿದರು. 1912ರ ಫೆಬ್ರವರಿಯಲ್ಲಿ ಲಂಡನ್‌ಗೆ ಹೋಗಿ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋದಲ್ಲಿ ಕೆಲಸ ನೋಡಿಕೊಂಡರು. ವಿಲಿಯಮ್ಸನ್ ಕಂಪನಿಯ ಕ್ಯಾಮೆರಾ ಮತ್ತು ಫಿಲ್ಮಿಗೆ ತೂತು ಕೊರೆಯುವ ಯಂತ್ರ ಕೊಂಡು ವಾಪಸ್ ಬಂದರು.

ತೂತು ಕೊರೆಯುವ ಯಂತ್ರ ಯಾಕೆ ಅಂತೀರಾ? ಆಗ ಕಚ್ಚಾ ಫಿಲ್ಮಿಗೆ ಅಂಚಿನ ತೂತುಗಳೇ ಇರುತ್ತಿರಲಿಲ್ಲ. ಕೊಂಡವರೇ ಕತ್ತಲಲ್ಲಿ ಕೂತು ಕೊರೆದುಕೊಳ್ಳಬೇಕು. ಒಂದು ತೂತು ಆಚೀಚೆ ಆದರೂ ಪರದೆಯ ಮೇಲೆ ಚಿತ್ರ ಕುಣಿಯುತ್ತದೆ. ದಾದರ್‌ನ ಮನೆಯಲ್ಲಿ ಈ ಕೆಲಸ ಹೊತ್ತವರು ಫಾಲ್ಕೆಯ ಹೆಂಡತಿ ಸರಸ್ವತಿಬಾಯಿ. ಫಿಲ್ಮ್ ತೊಳೆಯುವುದಕ್ಕೂ ಅವರೇ ಕೈ ಹಾಕಿದರು. ಮನೆಯಲ್ಲೇ ತಂಗಿದ್ದ ನಟರಿಗೆ, ಕೆಲಸದವರಿಗೆ ಅಡುಗೆ ಮಾಡಿ ಬಡಿಸಿದವರೂ ಅವರೇ. ಕೇಳಿ ನೋಡಿ, ‘ಭಾರತೀಯ ಚಿತ್ರರಂಗದ ಪಿತಾಮಹ’ ಯಾರು ಅಂದರೆ ಮಕ್ಕಳೂ ಹೇಳುತ್ತವೆ. ಸರಸ್ವತಿಬಾಯಿ ಯಾರು ಅಂದರೆ ಕ್ವಿಜ್ ಮಾಸ್ಟರೂ ತಡವರಿಸುತ್ತಾರೆ.

ಹೀಗೆ ಕಥೆಯಿಂದ ಹಿಡಿದು ಪ್ರಿಂಟ್‌ವರೆಗೆ ಎಲ್ಲ ಕೆಲಸವೂ ಇಲ್ಲೇ, ಇಲ್ಲಿನವರಿಂದಲೇ ನಡೆಯಿತು. ಕ್ಯಾಮೆರಾ, ಫಿಲ್ಮು ಹೊರಗಿನವು ಅನ್ನೋದು ನಿಜ. ಆದರೆ ಫಾಲ್ಕೆ ಸ್ವದೇಶಿ ಅಂದದ್ದು ಬಂಡವಾಳ, ಒಡೆತನ, ಕಲಾವಿದರು ಮತ್ತು ಕಥೆಯ ಲೆಕ್ಕದಲ್ಲಿ. ‘ಮೊದಲನೆಯದು’ ಅನ್ನೋ ಪಟ್ಟವನ್ನು ನಾನೂ ಹರಿಶ್ಚಂದ್ರಕ್ಕೇ ಕೊಡುವುದು ಈ ಕಾರಣಕ್ಕೆ. ಇನ್ನೊಂದೂ ಇದೆ. ಫಾಲ್ಕೆ ಒಂದಕ್ಕೆ ನಿಲ್ಲಿಸಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಸುಮಾರು 95 ಚಿತ್ರ ಮಾಡಿದರು, ಈ ಕಸುಬಿನಿಂದ ಹೊಟ್ಟೆ ಹೊರೆಯಬಹುದು ಅಂತ ಬೇರೆಯವರಿಗೂ ತೋರಿಸಿಕೊಟ್ಟರು.

ಚಿತ್ರದಲ್ಲಿ ಹರಿಶ್ಚಂದ್ರನಾಗಿದ್ದವರು ದತ್ತಾತ್ರೇಯ ದಾಮೋದರ ಡಬಕೆ. ಮಗ ಲೋಹಿತಾಶ್ವನ ಪಾತ್ರಕ್ಕೆ ಫಾಲ್ಕೆಯ ಮಗ ಭಾಲಚಂದ್ರ. ಹೆಣ್ಣಿನ ಪಾತ್ರ ಮಾಡಲು ಮಾತ್ರ ಯಾರೂ ಸಿಗಲಿಲ್ಲ. ಸಿನಿಮಾದಲ್ಲಿ ನಟಿಸುವುದೆಂದರೆ ಮಾನ ಕಳೆದುಕೊಂಡಂತೆ ಎಂದು ಜನ ತಿಳಿದಿದ್ದರು. ಕೊನೆಗೆ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗ ಫಾಲ್ಕೆಯ ಕಣ್ಣಿಗೆ ಬಿದ್ದ. ಅಲ್ಲಿ ಸಿಗುತ್ತಿದ್ದುದಕ್ಕಿಂತ ಜಾಸ್ತಿ ಸಂಬಳದ ಆಸೆ ತೋರಿಸಿ ಕರೆತಂದು ಅವನನ್ನೇ ತಾರಾಮತಿ ಮಾಡಿದರು. ಹೆಣ್ಣಿನ ಪಾತ್ರಕ್ಕೆ ಬಂದವರು ಮೀಸೆ ಬೋಳಿಸಲು ಒಪ್ಪದೆ ಹಟ ಹಿಡಿದರಂತೆ. ಅಪ್ಪ ಸತ್ತಾಗಲಷ್ಟೇ ಮೀಸೆ ತೆಗೆಯುವ ಕಾಲ ಅದು. ಸಾಳುಂಕೆ ಮುಂದೆ ಎಷ್ಟು ಹೆಸರು ಮಾಡಿದರೆಂದರೆ 1917ರ ‘ಲಂಕಾ ದಹನ’ದಲ್ಲಿ ರಾಮನೂ ಅವರೇ, ಸೀತೆಯೂ ಅವರೇ!

ಹೆಣ್ಣಿಲ್ಲದ ಆ ಪರಿಸ್ಥಿತಿ ಜಾಸ್ತಿ ದಿನ ಉಳಿಯಲಿಲ್ಲ. ಅದೇ 1913ರಲ್ಲಿ ಫಾಲ್ಕೆ ಕೈ ಹಾಕಿದ ಎರಡನೆಯ ಚಿತ್ರ ‘ಮೋಹಿನಿ ಭಸ್ಮಾಸುರ’. ಅದರಲ್ಲಿ ಪಾರ್ವತಿಯಾಗಿ ದುರ್ಗಾಬಾಯಿ ಕಾಮತ್, ಮೋಹಿನಿಯಾಗಿ ಅವರ ಮಗಳು ಕಮಲಾಬಾಯಿ ನಟಿಸಿದರು. ತಾಯಿ, ಮಗಳು ಇಬ್ಬರೂ ನಾಟಕದ ಕಂಪನಿಯಿಂದ ಬಂದವರು. ಹಿಂದಿ, ಮರಾಠಿ ನಟ ವಿಕ್ರಮ್ ಗೋಖಲೆ ಗೊತ್ತಲ್ವಾ? ಅವರ ಅಜ್ಜಿಯೇ ಈ ಕಮಲಾಬಾಯಿ. 1913ರ ಬಗ್ಗೆ ಬರೆಯುವವರು ಸಾಳುಂಕೆಯ ಮೀಸೆ ಪ್ರಸಂಗ ಹೇಳಿ ಸುಮ್ಮನಾಗುತ್ತಾರೆ. ನನಗೆ ಈ ತಾಯಿ-ಮಗಳ ವಿಷಯವೇ ದೊಡ್ಡದು ಅನ್ನಿಸುತ್ತದೆ.

ಹರಿಶ್ಚಂದ್ರದ ಮೊದಲ ಪ್ರದರ್ಶನ 1913ರ ಏಪ್ರಿಲ್ 21ರಂದು ಒಲಿಂಪಿಯಾ ಥಿಯೇಟರಿನಲ್ಲಿ ಆಹ್ವಾನಿತರಿಗಾಗಿ ನಡೆಯಿತು. ಮೇ 3ರಿಂದ ಕಾರೊನೇಷನ್‌ನಲ್ಲಿ ಎಲ್ಲರಿಗೂ. ಪೌರಾಣಿಕ ಕಥೆ ಅಂತ ಭಕ್ತಿಯಿಂದ ಕೂತವರ ಮುಂದೆ ಮೊದಲು ಏನೇನಿತ್ತು ಗೊತ್ತಾ? ಐರೀನ್ ಡೆಲ್ಮಾರ್ ಎಂಬಾಕೆಯ ನೃತ್ಯ, ಮೆಕ್‌ಕ್ಲೆಮೆಂಟ್ಸ್ ತಂಡದ ಹಾಸ್ಯ, ಅಲೆಕ್ಸಾಂಡರ್ ಎಂಬುವನ ಕಾಲಿನ ಜಗ್ಲಿಂಗ್. ಟಿಕೆಟ್ ದರ ಎಂದಿನದರ ಎರಡು ಪಟ್ಟು.

ಸೂರತ್‌ಗೆ ಹೋದಾಗ ಮೊದಮೊದಲು ಜನ ಬರಲಿಲ್ಲ. ಅಲ್ಲಿನವರು ಎರಡಾಣೆ ಕೊಟ್ಟು ಸುಮಾರು ಆರು ಗಂಟೆ ನಾಟಕ ನೋಡುವ ಜನ. ಆಗ ಫಾಲ್ಕೆ ಹೊಡೆಸಿದ ಜಾಹೀರಾತು ಬಹಳ ಪ್ರಸಿದ್ಧ: 57,000 ಫೋಟೋಗಳ ಆಟ, ಎರಡು ಮೈಲಿ ಉದ್ದದ ಚಿತ್ರ, ಮೂರೇ ಆಣೆಗೆ! ಇದನ್ನು ನಾವೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಚಿತ್ರದ ಉದ್ದ ಸುಮಾರು 3,700 ಅಡಿ. ಒಂದು ಮೈಲಿಗೆ 5,280 ಅಡಿ. ಅಂದರೆ ಎರಡಿರಲಿ, ಪೂರಾ ಒಂದು ಮೈಲಿಯೂ ಇಲ್ಲ. ಆದರೆ 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟುಗಳು, ಅಂದರೆ 16 ಫೋಟೋಗಳು. 3,700ನ್ನು 16ರಿಂದ ಗುಣಿಸಿದರೆ 59,200. ಮೈಲಿಯಲ್ಲಿ ಬಿಟ್ಟ ಬುರುಡೆ ಫೋಟೋಗಳ ಲೆಕ್ಕದಲ್ಲಿಲ್ಲ.

ಚಿತ್ರ 40 ನಿಮಿಷದ್ದು ಅಂತ ಎಲ್ಲ ಕಡೆ ಓದಿರುತ್ತೀರಿ. ಅದು ಟಾಕಿ ಬಂದ ಮೇಲಿನ ವೇಗದ ಲೆಕ್ಕ, ಅಂದರೆ ಸೆಕೆಂಡಿಗೆ 24 ಚೌಕಟ್ಟು. ಮೂಕಿ ಕಾಲದಲ್ಲಿ ಕ್ಯಾಮೆರಾ, ಪ್ರೊಜೆಕ್ಟರ್ ಎರಡನ್ನೂ ಕೈಯಲ್ಲೇ ತಿರುಗಿಸುತ್ತಿದ್ದರು, ವೇಗ ಕಡಿಮೆ. ಸೆಕೆಂಡಿಗೆ 16 ಅಂತ ಹಿಡಿದರೆ ಅದೇ ಫಿಲ್ಮು ಒಂದು ಗಂಟೆ ಓಡುತ್ತದೆ.

ಅದೇ 1913ರಲ್ಲಿ ಇಟಲಿಯವರು ‘ಕ್ವೊ ವಾಡಿಸ್’ ಎಂಬ ಎರಡು ಗಂಟೆಯ ಚಿತ್ರ ತೋರಿಸುತ್ತಿದ್ದರು. ವರ್ಷದ ಕೊನೆಗೆ ಚಾಪ್ಲಿನ್ ಅಮೆರಿಕದ ಕೀಸ್ಟೋನ್ ಕಂಪನಿ ಸೇರಿದರು. ಕನ್ನಡಕ್ಕೆ ಮಾತಿನ ಸಿನಿಮಾ ಬರಲು ಇನ್ನೂ 21 ವರ್ಷ ಕಾಯಬೇಕಿತ್ತು. 1934ರ ‘ಸತಿ ಸುಲೋಚನ’ ಚಿತ್ರೀಕರಣವಾದದ್ದು ಕೊಲ್ಹಾಪುರದಲ್ಲಿ. 1965ರಲ್ಲಿ ಹರಿಶ್ಚಂದ್ರನ ಪಾತ್ರ ಮಾಡಿದ ರಾಜ್‌ಕುಮಾರ್ ಅವರಿಗೆ ಮುಂದೆ 1995ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು.

ಈಗ ನಿಮ್ಮ ಪ್ರಶ್ನೆಗೆ ಇನ್ನೊಂದು ತೊಡಕು. 1913ರ ಆ ಚಿತ್ರವನ್ನು ನಾವು ನೋಡಿದ್ದೇವಾ? ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿರುವುದು ಮೊದಲ ಮತ್ತು ಕೊನೆಯ ರೀಲು ಮಾತ್ರ. ಅವೂ 1913ರವು ಅಲ್ಲ, 1917ರಲ್ಲಿ ಫಾಲ್ಕೆ ಇದೇ ಕಥೆಯನ್ನು ಮತ್ತೆ ತೆಗೆದ ‘ಸತ್ಯವಾದಿ ರಾಜಾ ಹರಿಶ್ಚಂದ್ರ’ದವು ಅಂತ ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಪ್ರಿಂಟುಗಳು ಊರಿಂದೂರಿಗೆ ಅಲೆದು ಸವೆದು ಹಾಳಾಗುತ್ತಿದ್ದವು, ಮತ್ತೆ ತೆಗೆಯದೆ ಬೇರೆ ದಾರಿ ಇರುತ್ತಿರಲಿಲ್ಲ.

ಆ ರೀಲುಗಳ ತುಣುಕು ಅಂತರ್ಜಾಲದಲ್ಲಿ ಸಿಗುತ್ತದೆ. ರಾಜ ಮಗನಿಗೆ ಬಿಲ್ವಿದ್ಯೆ ಕಲಿಸುವ ದೃಶ್ಯ ನೋಡಿ, ರವಿವರ್ಮನ ಮುದ್ರಣಾಲಯದ ನೆನಪು ಬರುತ್ತದೆ. ಕೊಳದಲ್ಲಿ ತಾರಾಮತಿ ಸಖಿಯರ ಜೊತೆ ಜಲಕ್ರೀಡೆ ಆಡುವುದನ್ನೂ ನೋಡಿ. ಒದ್ದೆ ಸೀರೆಯಲ್ಲಿರುವ ಅಷ್ಟೂ ಜನ ಗಂಡಸರು! ಎಲ್ಲರೂ ಗಡಿಬಿಡಿಯಲ್ಲಿ ಓಡುವಂತೆ ಕಂಡರೆ ಪ್ಲೇಯರಿನ ವೇಗವನ್ನು 0.75ಕ್ಕೆ ಇಳಿಸಿಕೊಳ್ಳಿ.