ಜರ್ಮನ್ ಸಿನಿಮಾ ಅಂದರೆ ಬರೀ ಕತ್ತಲು, ಭಯ ಅಷ್ಟೇನಾ?

ಪ್ರಶ್ನೆ: ಹಳೇ ಜರ್ಮನ್ ಸಿನಿಮಾಗಳ ಫೋಟೋ ನೋಡಿದರೆ ವಾಲಿದ ಮನೆಗಳು, ಉದ್ದುದ್ದ ನೆರಳು, ಕಣ್ಣ ಸುತ್ತ ಕಪ್ಪು ಬಳಿದುಕೊಂಡ ಮುಖಗಳೇ ಕಾಣುತ್ತವೆ. ಅಲ್ಲಿಯ ಸಿನಿಮಾ ಪೂರ್ತಿ ಹೀಗೇನಾ?

ಉತ್ತರ: ಖಂಡಿತ ಇಲ್ಲ. ನೀವು ಹೇಳುವ ಆ ಶೈಲಿಯ ಹೆಸರು ಎಕ್ಸ್‌ಪ್ರೆಷನಿಸಂ, ಅಂದರೆ ಮನಸ್ಸಿನೊಳಗಿನದನ್ನು ಹೊರಗಿನ ಆಕಾರಗಳಲ್ಲೇ ತೋರಿಸುವುದು. ಅದರ ಕಾಲ ಹೆಚ್ಚುಕಡಿಮೆ 1920ರಿಂದ 1927ರವರೆಗೆ, ಅಷ್ಟೇ. ಆದರೆ ಆ ಕೆಲವೇ ಚಿತ್ರಗಳು ಎಷ್ಟು ಗಟ್ಟಿಯಾಗಿ ಕಣ್ಣಲ್ಲಿ ಕೂತವೆಂದರೆ, ಉಳಿದದ್ದೆಲ್ಲ ಮರೆಯಾಗಿಬಿಟ್ಟಿತು.

ಶುರುವಾದದ್ದು 1920ರ 'ದಿ ಕ್ಯಾಬಿನೆಟ್ ಆಫ್ ಡಾ. ಕ್ಯಾಲಿಗರಿ' ಚಿತ್ರದಿಂದ. ನಿರ್ದೇಶಕ ರಾಬರ್ಟ್ ವೀನ. ಅದರ ಸೆಟ್ಟುಗಳನ್ನು ಸುಮ್ನೆ ಒಂದೊಂದಾಗಿ ನೋಡಿ. ಕಿಟಕಿಗಳು ಬಾಣದ ಮೊನೆಯಂತಿವೆ. ಊರಿನ ಗುಮಾಸ್ತ ಕೂತ ಸ್ಟೂಲು ಅವನಿಗಿಂತ ಎತ್ತರ. ಲೈಟು ಹಾಕಿ ಮೂಡಿಸಬೇಕಾದ ನೆರಳನ್ನು ಗೋಡೆ, ನೆಲದ ಮೇಲೆ ಬಣ್ಣದಲ್ಲೇ ಬರೆದಿದ್ದಾರೆ! ಬರೆದವರು ಹೆರ್ಮನ್ ವಾರ್ಮ್, ವಾಲ್ಟರ್ ರೈಮನ್, ವಾಲ್ಟರ್ ರೋರಿಗ್. ಕಥೆ ಹೇಳುವವನ ತಲೆ ಸರಿಯಿಲ್ಲ, ಹಾಗಾಗಿ ಊರೂ ಸರಿಯಿಲ್ಲ.

ಇಂಥ ಪ್ರಯೋಗಕ್ಕೆ ಜಾಗ ಹೇಗೆ ಸಿಕ್ಕಿತು? ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಜರ್ಮನಿ ಹೊರಗಿನ ಸಿನಿಮಾಗಳ ಆಮದಿಗೆ ತಡೆ ಹಾಕಿತು. 1917ರ ಕೊನೆಯಲ್ಲಿ ಸೇನೆಯ ಒತ್ತಾಸೆಯಿಂದ ಉಫಾ ಎಂಬ ದೊಡ್ಡ ಕಂಪನಿ ಹುಟ್ಟಿತು. ಪೈಪೋಟಿ ಕಡಿಮೆ, ಸ್ಟುಡಿಯೋಗಳು ದೊಡ್ಡವು, ರಂಗಭೂಮಿಯಿಂದ ಬಂದ ಕಲಾವಿದರು ಕೈಗೆ ಸಿಗುತ್ತಿದ್ದರು. ಆದರೆ ಅದೇ ಹೊತ್ತಿಗೆ ನಿರ್ದೇಶಕ ಅರ್ನ್ಸ್ಟ್ ಲುಬಿಚ್ ಹಾಸ್ಯ ಚಿತ್ರಗಳಿಂದ ಜನರನ್ನು ನಗಿಸುತ್ತಿದ್ದರು, ಆರ್ನಾಲ್ಡ್ ಫಾಂಕ್ ಕ್ಯಾಮೆರಾ ಹೊತ್ತು ಹಿಮದ ಬೆಟ್ಟ ಹತ್ತಿ 'ಬೆಟ್ಟದ ಸಿನಿಮಾ' ಎಂಬ ಬೇರೆಯದೇ ಬಗೆಯನ್ನು ಬೆಳೆಸಿದರು.

1933ರಲ್ಲಿ ಹಿಟ್ಲರ್ ಬಂದ. ಫ್ರಿಟ್ಸ್ ಲಾಂಗ್, ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್ಮಾಕ್‌ರಂಥ ಸಿನಿಮಾದವರು ದೇಶ ಬಿಟ್ಟರು. ಮುಂದೆ ಹಾಲಿವುಡ್‌ನ ನುವಾರ್ ಎಂಬ ಕತ್ತಲು ತುಂಬಿದ ಅಪರಾಧ ಚಿತ್ರಗಳಲ್ಲಿ ಅದೇ ನೆರಳು ಕಾಣಿಸಿಕೊಂಡಿತು. ನಮ್ಮಲ್ಲಿಗೂ ಒಂದು ಪಾಲು ಬಂತು, ಅದು ಬೇರೆ ದಾರಿಯಲ್ಲಿ. 1934ರಲ್ಲಿ ಶುರುವಾದ ಬಾಂಬೆ ಟಾಕೀಸ್ ಎಂಬ ಮುಂಬೈನ ಸಿನಿಮಾ ಕಂಪನಿಗೆ ಮ್ಯೂನಿಕ್‌ನ ನಿರ್ದೇಶಕ ಫ್ರಾಂಜ್ ಆಸ್ಟೆನ್, ಕ್ಯಾಮೆರಾಮನ್ ಜೋಸೆಫ್ ವಿರ್ಶಿಂಗ್ ಬಂದರು. 1949ರ 'ಮಹಲ್' ಚಿತ್ರದ ಆ ಕತ್ತಲ ಬಂಗಲೆ ವಿರ್ಶಿಂಗ್ ಕೈಚಳಕವೇ. ಬಾಂಬೆ ಟಾಕೀಸ್‌ನ ನಟಿ ದೇವಿಕಾ ರಾಣಿ ಮುಂದೆ ಚಿತ್ರಕಲಾವಿದ ಸ್ವೆಟೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದು ನಿಮಗೆ ಗೊತ್ತೇ ಇರುತ್ತೆ, ಅಲ್ವಾ?

ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯ ಜನ ಮುಗಿಬಿದ್ದದ್ದು ಯಾವುದಕ್ಕೆ ಹೇಳಿ? ಹಸಿರು ಕಾಡು, ಹಳ್ಳಿ ಹಬ್ಬ, ಹಾಡು, ಪ್ರೇಮ ತುಂಬಿದ ಹೈಮಾಟ್ ಚಿತ್ರಗಳಿಗೆ. ಬಾಂಬು ಬಿದ್ದ ಊರುಗಳಲ್ಲಿ ಬದುಕುತ್ತಿದ್ದವರು ಬೇರೇನು ನೋಡಬೇಕಿತ್ತು? ವಿಮರ್ಶಕರು ಮೂಗು ಮುರಿಯುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಆದರೆ 1962ರಲ್ಲಿ ಪಶ್ಚಿಮ ಜರ್ಮನಿಯ ಓಬರ್‌ಹೌಸನ್ ಊರಿನಲ್ಲಿ 26 ಮಂದಿ ಯುವ ಸಿನಿಮಾದವರು ಹಳೇ ಸಿನಿಮಾ ಸತ್ತಿದೆ ಎಂದು ಸಾರಿದರು. ಆ ಹುರುಪಿನ ಬೆನ್ನಿಗೇ ಬಂದ ನಿರ್ದೇಶಕರು ಫಾಸ್‌ಬಿಂಡರ್, ಹೆರ್ಜೋಗ್, ವೆಂಡರ್ಸ್.

ಎಲ್ಲಿಂದ ಶುರು ಮಾಡಲಿ ಅಂದರೆ, ನನ್ನ ಮಾತು ಕೇಳಿ ಲಾಂಗ್ ಅವರ 1931ರ 'ಎಂ' ನೋಡಿ. ಮಗು ಎಲ್ಸಿಯ ಕೊಲೆಯನ್ನು ಅದರಲ್ಲಿ ತೋರಿಸುವುದೇ ಇಲ್ಲ. ತಾಯಿ ಕೂಗುವ ದನಿ, ಖಾಲಿ ಮೆಟ್ಟಿಲು, ಊಟದ ಮೇಜಿನ ಮೇಲೆ ಖಾಲಿ ತಟ್ಟೆ, ಉರುಳಿ ಬರುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಇಷ್ಟರಲ್ಲೇ ಎಲ್ಲ ತಿಳಿದುಬಿಡುತ್ತದೆ. ಆಮೇಲೆ 'ಕ್ಯಾಲಿಗರಿ'. ಅದರ ಮಸುಕು ಕಾಪಿಗಳು ಅಂತರ್ಜಾಲದಲ್ಲಿ ರಾಶಿ ಇವೆ, ಅವು ಬೇಡ. 2014ರಲ್ಲಿ ರಿಸ್ಟೋರ್ ಮಾಡಿದ ಪ್ರತಿ ಹುಡುಕಿ. ಮೂಲದಲ್ಲಿ ಅದು ಬರೀ ಕಪ್ಪುಬಿಳುಪಲ್ಲ. ದೃಶ್ಯಕ್ಕೆ ತಕ್ಕಂತೆ ಇಡೀ ಫಿಲ್ಮಿಗೇ ಬಣ್ಣ ಹಿಡಿಸಿದ್ದರು. ಈ ಪ್ರತಿಯಲ್ಲಿ ಅದು ಕಾಣುತ್ತದೆ.