ಒಸಡಿನೊಳಗೆ ತುಂಬುವ ಪುಡಿ ಮೂಳೆ ಆಗುತ್ತಾ?

ಪ್ರಶ್ನೆ: ಕೆಳದವಡೆಯ ಒಂದು ಹಲ್ಲಿನ ಸುತ್ತ ಮೂಳೆ ಕರಗಿದೆ, ಒಸಡು ಬಿಡಿಸಿ ಪುಡಿ ತುಂಬಿ ಹೊಲಿಯಬೇಕು ಅಂದಿದ್ದಾರೆ ಡಾಕ್ಟರು. ಪುಡಿಯಿಂದ ನಿಜವಾಗಲೂ ಮೂಳೆ ಬೆಳೆಯುತ್ತಾ? ಅದು ದನದ ಮೂಳೆ ಅಂತಾನೂ ಕೇಳಿದೆ. ನಾವು ಸಸ್ಯಾಹಾರಿಗಳು.
– ಓದುಗರೊಬ್ಬರು, ಡೊಂಬಿವಲಿ

ನಿಮ್ಮ ಊರಿನ ಲೋಕಲ್ ಟ್ರೈನನ್ನೇ ನೆನಪಿಸಿಕೊಳ್ಳಿ. ಗೆಳೆಯ ಹತ್ತುವ ತನಕ ಸೀಟಿನ ಮೇಲೆ ಕರವಸ್ತ್ರ ಹಾಕಿಡುತ್ತೇವೆ ಅಲ್ವಾ? ಆ ಪುಡಿಯ ಕೆಲಸ ಹೆಚ್ಚುಕಡಿಮೆ ಅದೇ. ಮೂಳೆ ಬೆಳೆಸುವುದು ನಿಮ್ಮ ಮೈ. ಪುಡಿ ಜಾಗ ಹಿಡಿದು ಕೂರುತ್ತದೆ.

ಸೀಟಿಗೆ ಪೈಪೋಟಿ ಯಾರದ್ದು ಅಂತೀರಾ? ಒಸಡಿನ ಚರ್ಮದ್ದೇ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಜಾಗದಲ್ಲಿ ನಾರುಗಳಿವೆ. ಹಲ್ಲನ್ನು ಹಿಡಿದಿಡುವುದು ಅವೇ. ಆ ನಾರು, ಮೂಳೆ ಎರಡೂ ನಿಧಾನ. ಚರ್ಮ ಮಾತ್ರ ಸರಸರ ಬೆಳೆದು, ಮೂಳೆ ಕರಗಿ ಆದ ಗುಂಡಿಯೊಳಗೆ ಇಳಿದುಬಿಡುತ್ತದೆ. ಬೇರಿನ ಮೇಲೆ ಯಾವ ಜೀವಕಣ ಮೊದಲು ಬಂದು ಕೂರುತ್ತದೋ, ಗಾಯ ಮಾಯುವ ಬಗೆ ಅದನ್ನೇ ಅವಲಂಬಿಸಿದೆ ಅಂತ 1976ರಲ್ಲಿ ಮೆಲ್ಚರ್ ಅನ್ನುವ ಸಂಶೋಧಕರು ಬರೆದರು. 1982ರಲ್ಲಿ ನೈಮನ್ ಮತ್ತು ಜೊತೆಗಾರರು ಒಬ್ಬ ಮನುಷ್ಯನ ಹಲ್ಲಿನ ಮೇಲೆ ಇದನ್ನು ಮಾಡಿ ತೋರಿಸಿದರು. ಚರ್ಮಕ್ಕೆ ಅಡ್ಡವಾಗಿ ಅವರು ಇಟ್ಟದ್ದು ಲ್ಯಾಬಿನಲ್ಲಿ ಸೋಸಲು ಬಳಸುವ ಫಿಲ್ಟರ್! ಇವತ್ತು ಪುಡಿಯ ಮೇಲೆ ಹೊದಿಸುವ ತೆಳು ಪರದೆ, ಅಂದರೆ ಮೆಂಬ್ರೇನ್, ಅದರ ಮೊಮ್ಮಗು. ಜಾಸ್ತಿ ಬಳಕೆಯಲ್ಲಿರುವುದು ಕೊಲಾಜನ್ ಅನ್ನುವ ಪ್ರೋಟೀನಿನದು. ನೀರು ತಾಗಿದ ಹಪ್ಪಳದ ಹಾಗೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಕೆಲವು ವಾರ, ತಿಂಗಳಲ್ಲಿ ತಾನೇ ಕರಗುತ್ತದೆ.

ಪುಡಿ ಅಂದರೂ ಅದು ಹಿಟ್ಟಿನಂತಿಲ್ಲ. ನಮ್ಮ ಮಾಟುಂಗದ ಕ್ಲಿನಿಕ್‌ನಲ್ಲಿ ಸೀಸೆ ತೋರಿಸಿದಾಗ ಒಬ್ಬರು ಅಜ್ಜಿ "ಇದು ಬಾಂಬೆ ರವೆ ಅಲ್ವೇನಮ್ಮಾ" ಅಂದರು. ಬಣ್ಣ, ಕಾಳಿನ ಗಾತ್ರ ಎರಡೂ ಹಾಗೇ. ಗುಂಡಿಯ ರಕ್ತದಲ್ಲಿ ನೆನೆದ ಮೇಲೆ ಒದ್ದೆ ಮರಳಿನಂತೆ ಒತ್ತಾಗಿ ಕೂರುತ್ತದೆ.

ಈಗ ದನದ ವಿಷಯ. ಹೌದು, ಒಂದು ಬಗೆ ದನದ ಮೂಳೆಯಿಂದಲೇ ಬರುತ್ತದೆ. ಅದರ ಜೀವಾಂಶವನ್ನೆಲ್ಲ ತೆಗೆದು ಖನಿಜ ಮಾತ್ರ ಉಳಿಸಿರುತ್ತಾರೆ. ಇನ್ನೊಂದು ದಾನಿಗಳ, ಅಂದರೆ ಮನುಷ್ಯರ ಮೂಳೆ. ಮೂರನೆಯದು ಕಾರ್ಖಾನೆಯಲ್ಲಿ ಮಾಡಿದ್ದು: ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಬಯೋಆಕ್ಟಿವ್ ಗ್ಲಾಸ್. ಈ ಗಾಜನ್ನು 1969ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಲ್ಯಾರಿ ಹೆಂಚ್ ಕಂಡುಹಿಡಿದರು. ಮೈಯ ದ್ರವ ತಾಗಿದರೆ ಅದರ ಮೇಲೆ ಮೂಳೆಯ ಖನಿಜದಂಥದ್ದೇ ಒಂದು ಪದರ ಕಟ್ಟುತ್ತದೆ, ಮೂಳೆ ಅದಕ್ಕೆ ಬೆಸೆದುಕೊಳ್ಳುತ್ತದೆ. ನಿಮಗೆ ಈ ಮೂರನೆಯ ಬಗೆಯಲ್ಲಿ ಒಂದು ಆಗಬಹುದು. ಆದರೆ ಮುಚ್ಚುಮರೆ ಯಾಕೆ, ಕೃತಕ ಪುಡಿ ಗುಂಡಿ ತುಂಬುವುದರಲ್ಲಿ ಗಟ್ಟಿ, ಬೇರಿಗೆ ಹೊಸ ನಾರು ಹುಟ್ಟಿಸುವುದರಲ್ಲಿ ಅಷ್ಟಕ್ಕಷ್ಟೆ.

ಎಲ್ಲರೂ ಪುಡಿಯದ್ದು ಮಾತ್ರ ಕೇಳಿ ಸುಮ್ಮನಾಗುತ್ತಾರೆ. ಮೆಂಬ್ರೇನಿನ ಕೊಲಾಜನ್ ಕೂಡ ಸಾಮಾನ್ಯವಾಗಿ ಹಂದಿಯದ್ದೋ ದನದ್ದೋ. ಬೇರಿಗೆ ಹಚ್ಚುವ ಎಮ್ಡೊಗೇನ್ ಅನ್ನುವ ಜೆಲ್ ಹಂದಿಮರಿಯ ಬೆಳೆಯುತ್ತಿರುವ ಹಲ್ಲಿನಿಂದ ಬಂದದ್ದು. ಬೇಡ ಅಂದರೆ ಪಿಆರ್‌ಎಫ್ ಕೇಳಿ ನೋಡಿ. ನಿಮ್ಮದೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದರೆ ನಡುವೆ ಎಳನೀರಿನ ಗಂಜಿಯಂಥ ಗಡ್ಡೆ ಸಿಗುತ್ತದೆ, ಅದನ್ನೇ ಒತ್ತಿ ಹೊದಿಸುತ್ತಾರೆ.

ಇಷ್ಟೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಗುಂಡಿಯ ಆಕಾರದ್ದು. ಸುತ್ತ ಗೋಡೆ ಇರುವ ಕಿರಿದಾದ, ಬಾವಿಯಂಥ ಗುಂಡಿಯಾದರೆ ಫಲ ಚೆನ್ನ. ಬೇಸಿಗೆಯ ಕೆರೆಯ ಹಾಗೆ ಮೂಳೆ ಎಲ್ಲ ಕಡೆಯೂ ಸಮನಾಗಿ ಇಳಿದಿದ್ದರೆ ಪುಡಿ ನಿಲ್ಲುವುದಾದರೂ ಎಲ್ಲಿ? ಅಲ್ಲಿಗೆ ಸುರಿದ ದುಡ್ಡು ದಂಡ. ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೂ ಕಷ್ಟ. ಇಲ್ಲಿ ಅನೇಕರು ಒಸಡಿಗೆ ತಿಕ್ಕುವ ಮಶೇರಿಯೂ ಸುಟ್ಟ ತಂಬಾಕೇ. ಹಲ್ಲುಪುಡಿ ಅಂತ ಅದನ್ನು ಡಾಕ್ಟರಿಗೆ ಹೇಳದೇ ಬಿಡುವವರೇ ಜಾಸ್ತಿ.

ಆರು ತಿಂಗಳಾದ ಮೇಲೆ ಎಕ್ಸ್-ರೇಯಲ್ಲಿ ಗುಂಡಿ ಬೆಳ್ಳಗೆ ಕಂಡರೆ ಕುಣಿಯಬೇಡಿ. ಕರಗದೇ ಉಳಿದ ಪುಡಿಯೂ ಬೆಳ್ಳಗೇ ಕಾಣುತ್ತದೆ. ಹಲ್ಲಿಗೂ ಒಸಡಿಗೂ ನಡುವೆ ಸಣ್ಣ ಅಳತೆ ಕಡ್ಡಿ ಇಳಿಸಿ ನೋಡಲು ಹೇಳಿ. ಮೊದಲು 7 ಮಿಲಿಮೀಟರ್ ಇಳಿಯುತ್ತಿದ್ದದ್ದು 3ಕ್ಕೇ ನಿಂತು, ರಕ್ತ ಬಾರದಿದ್ದರೆ ಆಗ ಮಿಠಾಯಿ ಹಂಚಿ.