ಪದ ಪರಿಚಯ: ಎಳೆದುಕೊಂಡ ನಾರು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ ಸಸಿಗೆ ನಾರು ಅನ್ನುತ್ತಾರೆ. ಬೇಸಿಗೆ ಬೆಳೆಗೆಂದು ಮುಂಚಿತವಾಗಿ ಬೀಜ ಹಾಕುವ ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ನರ್ಸರಿಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತು: “ಈ ಟ್ರೇ ಬೇಡಣ್ಣ, ನಾರು ಎಳ್ಕೊಂಡ್ಬಿಟ್ಟಿದೆ.” ಸಸಿ ಗಟ್ಟಿಯಾಗುವ ಮೊದಲೇ ಉದ್ದವಾಗಿ, ಸಣಕಲಾಗಿ, ತನ್ನ ತಲೆಯ ಭಾರವನ್ನು ತಾನೇ ಹೊರಲಾರದ ಸ್ಥಿತಿಗೆ ಬಂದಿದೆ ಎಂದು ಇದರರ್ಥ.

ಅಂಥ ಒಂದು ಸಸಿಯನ್ನು ಟ್ರೇಯ ಕುಳಿಯಿಂದ ಎತ್ತಿ ಅಂಗೈ ಮೇಲಿಟ್ಟುಕೊಂಡು ನೋಡಿ. ಮೊದಲು ಬಿಚ್ಚಿಕೊಳ್ಳುವ ಎರಡು ಬೀಜದೆಲೆಗಳಿಗೂ ಬುಡಕ್ಕೂ ನಡುವೆ ಎರಡು ಮೂರು ಅಂಗುಲದ ಬಿಳಿಚಿದ ದಂಟು. ಮೇಲೆ ಗಿಣ್ಣಿನಿಂದ ಗಿಣ್ಣಿಗೆ ದೂರ, ಎಲೆ ತೆಳು, ಬಣ್ಣ ಹಳದಿ ತಿರುಗಿದ ಹಸಿರು. ಬುಡ ಹಿಡಿದು ನೆಟ್ಟಗೆ ನಿಲ್ಲಿಸಿದರೆ ತುದಿ ಬಾಗಿ ಕೈಗೆ ಬೀಳುತ್ತದೆ. ಪಕ್ಕದಲ್ಲೇ ಒಳ್ಳೆಯ ಸಸಿಯೊಂದನ್ನು ಇಟ್ಟರೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ: ಗಿಡ್ಡ ದಂಟು, ಬುಡದಲ್ಲಿ ನೇರಳೆ ಛಾಯೆ, ಒತ್ತೊತ್ತಾದ ದಪ್ಪ ಎಲೆ. ಆದರೂ ಎತ್ತರ ನೋಡಿ ನಾರು ಆರಿಸುವವರು ಈಗಲೂ ಇದ್ದಾರೆ. ಉದ್ದ ಬಂದಿದೆ ಅಂದರೆ ಚೆನ್ನಾಗಿ ಬಂದಿದೆ ಎಂಬ ಲೆಕ್ಕ ಜೋಳಕ್ಕೆ ಸರಿ ಇರಬಹುದು, ಟ್ರೇಯಲ್ಲಿರುವ ಸಸಿಗೆ ಅಲ್ಲ. ಅದು ಹೊಸದಾಗಿ ಏನನ್ನೂ ಸಂಪಾದಿಸಿಲ್ಲ, ಇದ್ದುದನ್ನೇ ಹಿಗ್ಗಿಸಿಕೊಂಡಿದೆ.

ಸಸ್ಯಶಾಸ್ತ್ರದಲ್ಲಿ ಇದಕ್ಕೆ ಎರಡು ಹೆಸರು. ಪೂರ್ತಿ ಕತ್ತಲಲ್ಲಿ ಹೀಗಾದರೆ ಈಟಿಯೋಲೇಷನ್. ಬೆಳಕಿದ್ದೂ ನೆರಳು, ದಟ್ಟಣೆಯಿಂದ ಆದರೆ ಶೇಡ್ ಅವಾಯ್ಡೆನ್ಸ್, ಅಂದರೆ ನೆರಳಿನಿಂದ ತಪ್ಪಿಸಿಕೊಳ್ಳುವ ಓಟ. ಈ ಭೇದ ಬರೀ ಪುಸ್ತಕದ್ದಲ್ಲ. ನಮ್ಮ ನರ್ಸರಿಗಳಲ್ಲಿ ಮೊದಲನೆಯದು ಬಿತ್ತಿದ ಮೊದಲ ವಾರದಲ್ಲೂ ಎರಡನೆಯದು ಕೊನೆಯ ವಾರದಲ್ಲೂ ಆಗುತ್ತದೆ. ಎರಡಕ್ಕೂ ಮಾಡಬೇಕಾದ ಕೆಲಸ ಬೇರೆ.

ಕತ್ತಲಲ್ಲಿ ಸಸಿ ಎಳೆದುಕೊಳ್ಳುವುದು ರೋಗವಲ್ಲ, ಬೀಜದ ಹುಟ್ಟುಗುಣ. ಮಣ್ಣಿನಡಿಯ ಮೊಳಕೆ ಇರುವ ಶಕ್ತಿಯನ್ನೆಲ್ಲ ದಂಟಿಗೆ ಸುರಿದು ಬೆಳಕು ಸಿಗುವವರೆಗೆ ಮೇಲಕ್ಕೆ ನುಗ್ಗಬೇಕು, ಎಲೆ ಬಿಚ್ಚುವುದು, ಹಸಿರಾಗುವುದು ಆಮೇಲೆ. ಮದುವೆ ಮನೆಯಲ್ಲಿ ಅಂಕುರಾರ್ಪಣೆಗೆಂದು ಒಳಕೋಣೆಯಲ್ಲಿ ಬೆಳೆಸಿದ ನವಧಾನ್ಯದ ಮೊಳಕೆ ಹಳದಿಯಾಗಿ ನೀಳವಾಗಿ ಬರುವುದು ಇದೇ ಕಾರಣಕ್ಕೆ. ಬೆಳಕು ತಾಗಿತೋ ಇಲ್ಲವೋ ಎಂದು ಸಸಿಗೆ ತಿಳಿಸುವುದು ಫೈಟೋಕ್ರೋಮ್ ಎಂಬ ವರ್ಣದ್ರವ್ಯ. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದವರು 1950ರ ದಶಕದಲ್ಲಿ ಇದನ್ನು ಪತ್ತೆ ಮಾಡಿದರು. ಬಿಸಿಲಿನ ಕೆಂಪು ಕಿರಣ ತಾಗಿದಾಗ ಇದು ಜಾಗೃತವಾಗಿ ದಂಟಿನ ಓಟಕ್ಕೆ ಕಡಿವಾಣ ಹಾಕುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ಅತಿಗೆಂಪು (ಫಾರ್-ರೆಡ್) ಕಿರಣ ಹೆಚ್ಚಾದರೆ ಮತ್ತೆ ಸಡಿಲ ಬಿಡುತ್ತದೆ. ತೆರೆದ ಬಿಸಿಲಿನಲ್ಲಿ ಇವೆರಡೂ ಹೆಚ್ಚು ಕಡಿಮೆ ಸಮ ಇರುತ್ತವೆ. ಹಸಿರೆಲೆ ಕೆಂಪನ್ನು ಹೀರಿಕೊಂಡು ಅತಿಗೆಂಪನ್ನು ಹೊರಗೆ ಬಿಡುವುದರಿಂದ ಗಿಡದ ನೆರಳಿನಲ್ಲಿ ಲೆಕ್ಕ ತಲೆಕೆಳಗಾಗುತ್ತದೆ.

ಇಂಗ್ಲಿಷ್ ವಿಡಿಯೊ ನೋಡಿ ಟೆರೇಸಿನಲ್ಲಿ ತರಕಾರಿ ಬೆಳೆಯುವವರಿಗೆ ಇಲ್ಲೊಂದು ಮಾತು ಹೇಳಬೇಕು. ಚಳಿಗಾಲದಲ್ಲಿ ಬಿತ್ತಿದರೆ ಸಸಿ ಎಳೆದುಕೊಳ್ಳುತ್ತದೆ, ಅದಕ್ಕೆ ವಿಶೇಷ ದೀಪ ಬೇಕು ಅನ್ನುವುದು ಲಂಡನ್ನಿನವರಿಗೆ ನಿಜ. ಡಿಸೆಂಬರ್ ಕೊನೆಯಲ್ಲಿ ಅವರ ಹಗಲು ಎಂಟು ಗಂಟೆಯೂ ತುಂಬುವುದಿಲ್ಲ. ಕೋಲಾರದ ಅತಿ ಚಿಕ್ಕ ಹಗಲು 11 ಗಂಟೆ 20 ನಿಮಿಷದಷ್ಟು, ಜೂನಿನ ಉದ್ದದ ಹಗಲಿಗಿಂತ ಒಂದೂವರೆ ಗಂಟೆ ಮಾತ್ರ ಕಡಿಮೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ನಾಲ್ಕೈದು ದಿನ ಮೋಡ ಮುಸುಕಿ ಜಡಿ ಹಿಡಿಯುವುದುಂಟು, ಅಷ್ಟೇ. ಇಲ್ಲಿ ಸಸಿ ಎಳೆದುಕೊಳ್ಳುವುದು ಹೆಚ್ಚಾಗಿ ನಾವೇ ಹೊದಿಸಿದ ಕತ್ತಲಿನಿಂದ, ನಾವೇ ಕಟ್ಟಿದ ನೆರಳಿನಿಂದ. ತುಮಕೂರಿನ ಅಪಾರ್ಟ್‌ಮೆಂಟಿನಲ್ಲಿ ಕಿಟಕಿ ಪಕ್ಕ ಬಟ್ಟಲಿಟ್ಟು ಸಸಿ ಮಾಡುವವರು ದೀಪಕ್ಕೆ ದುಡ್ಡು ಹಾಕುವ ಬದಲು ಬಟ್ಟಲನ್ನು ಟೆರೇಸಿಗೆ ಒಯ್ದರೆ ಸಾಕು.

ಮೊದಲ ವಾರದ ಕತ್ತಲು ಟ್ರೇ ಜೋಡಿಸುವುದರಲ್ಲಿದೆ. ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ ತುಂಬಿ, ಕುಳಿಗೊಂದು ಬೀಜ ಹಾಕಿದ ಮೇಲೆ ಹತ್ತರಂತೆ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥಿನ್ ಹಾಳೆ ಹೊದಿಸುವುದು ಎಲ್ಲ ಕಡೆಯ ರೂಢಿ. ರೂಢಿ ತಪ್ಪಲ್ಲ. ಟೊಮೆಟೊ ಬೀಜ ಚೆನ್ನಾಗಿ ಮೊಳೆಯಲು 25ರಿಂದ 30 ಡಿಗ್ರಿ ಶಾಖ ಬೇಕು, ಡಿಸೆಂಬರಿನ ರಾತ್ರಿ ಇಲ್ಲಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಹಾಗಾಗಿ ಹೊದಿಕೆ ಬೇಕೇ ಬೇಕು. ತೊಂದರೆ ಇರುವುದು ಬಿಚ್ಚುವ ದಿನದಲ್ಲಿ. ಬೆಚ್ಚನೆ ಕಾಲದಲ್ಲಿ ನಾಲ್ಕೈದು ದಿನಕ್ಕೆ ಎಲ್ಲವೂ ಒಟ್ಟಿಗೆ ಮೊಳೆಯುತ್ತವೆ. ಚಳಿಯಲ್ಲಿ ಹಾಗಲ್ಲ, ಕೆಲವು ಐದನೇ ದಿನ, ಕೆಲವು ಎಂಟನೇ ದಿನ. ಪೇರಿಕೆಯ ನಡುವಿನ ಟ್ರೇ ಬೆಚ್ಚಗಿದ್ದು ಮೊದಲು ಏಳುತ್ತದೆ, ತಳದ್ದು ತಡವಾಗುತ್ತದೆ. ಎಲ್ಲ ಏಳಲಿ ಎಂದು ಕಾಯುತ್ತ ಕೂತರೆ ಮೊದಲು ಎದ್ದವು ಆ ಬಿಸಿ ಕತ್ತಲಲ್ಲಿ ಒಂದೇ ರಾತ್ರಿಗೆ ಹತ್ತಿರ ಹತ್ತಿರ ಅಂಗುಲ ಉದ್ದ ಹೋಗುತ್ತವೆ, ಮೇಲಿನ ಟ್ರೇಯ ತಳಕ್ಕೆ ತಲೆ ತಾಗಿ ಸೊಟ್ಟಗಾಗುತ್ತವೆ. ಹೀಗೆ ಎಳೆದ ದಂಟು ಆಮೇಲೆ ಎಷ್ಟೇ ಬಿಸಿಲು ಕೊಟ್ಟರೂ ಗಿಡ್ಡವಾಗುವುದಿಲ್ಲ. ಮುಂದಿನ ಬೆಳವಣಿಗೆ ಗಟ್ಟಿಯಾಗಬಹುದು, ಬುಡದ ಆ ಎರಡಂಗುಲ ಹಾಗೇ ಉಳಿಯುತ್ತದೆ.

ಆದ್ದರಿಂದ ಮೂರನೇ ದಿನದಿಂದ ದಿನಕ್ಕೆರಡು ಬಾರಿ ನಡುವಿನ ಟ್ರೇ ಎತ್ತಿ ನೋಡಬೇಕು. ಕೋಕೋಪೀಟನ್ನು ಎತ್ತಿಕೊಂಡು ಅಲ್ಲೊಂದು ಇಲ್ಲೊಂದು ಬಾಗಿದ ಬಿಳಿ ಕತ್ತು ಕಂಡಿತೋ, ಆ ಟ್ರೇ ಅಂದೇ ಹೊರಗೆ ಹರಡಬೇಕು. ಕಾಲು ಭಾಗ ಎದ್ದಿದ್ದರೂ ಸರಿ, ಉಳಿದವು ಬೆಳಕಿನಲ್ಲೂ ಮೊಳೆಯುತ್ತವೆ. ಒಟ್ಲು ಮಡಿಯಲ್ಲಿ ಪೈರು ಮಾಡುತ್ತಿದ್ದ ಹಿರಿಯರಿಗೆ ಇದು ಹೊಸದೇನಲ್ಲ. ಮಡಿಗೆ ಹೊದಿಸಿದ ಹುಲ್ಲನ್ನು ಮೊಳಕೆ ಕಂಡ ದಿನವೇ, ಅದೂ ಸಂಜೆ ಹೊತ್ತು ತೆಗೆಯುತ್ತಿದ್ದರು. ಸಂಜೆ ಯಾಕೆಂದರೆ ಎಳೆ ಮೊಳಕೆಗೆ ನೇರ ಮಧ್ಯಾಹ್ನದ ಬಿಸಿಲು ಬೀಳಬಾರದೆಂದು. ಟ್ರೇ ಹರಡುವುದಕ್ಕೂ ಅದೇ ಹೊತ್ತು ಒಳ್ಳೆಯದು.

ಮುಂದಿನದು ಶೇಡ್‌ನೆಟ್. ಸಾಮಾನ್ಯವಾಗಿ ಹಾಕುವುದು 50 ಪರ್ಸೆಂಟಿನ ನೆರಳು ಪರದೆ. ಬಿಳಿನೊಣ ಬಾರದಂತೆ ಅದರ ಜೊತೆಗೆ ಸಣ್ಣ ಕಣ್ಣಿನ ಕೀಟ ಪರದೆಯೂ ಇರುತ್ತದೆ. ಎಲೆಸುರುಳಿ ವೈರಸ್ಸನ್ನು ಹೊತ್ತು ತರುವುದು ಆ ನೊಣವೇ ಆದ್ದರಿಂದ ಕೀಟ ಪರದೆ ತೆಗೆಯಿರಿ ಎಂದು ಯಾರೂ ಹೇಳಲಾರರು. ಆದರೆ ಬೇಸಿಗೆಯ ಭಯಕ್ಕೆ ಮೇಲೆ ಇನ್ನೊಂದು ಪದರ ನೆರಳು ಪರದೆ ಎಳೆದು ಹಾಗೇ ಬಿಡುವವರಿದ್ದಾರೆ. ಐವತ್ತರ ಮೇಲೆ ಐವತ್ತು ಅಂದರೆ ಸಸಿಗೆ ತಲುಪುವುದು ಕಾಲು ಭಾಗ ಬೆಳಕು. ಅದರ ಮೇಲೆ ಮಳೆಗಾಲದ ಪಾಚಿ, ರಸ್ತೆ ಧೂಳು. ಡಿಸೆಂಬರಿನ ಎಳೆಬಿಸಿಲಿಗೆ ಎರಡನೇ ಪದರ ಖಂಡಿತ ಬೇಡ. ಬೀಜದೆಲೆ ಬಿಚ್ಚಿಕೊಂಡ ಮೇಲೆ ಬೆಳಿಗ್ಗೆ, ಸಂಜೆ ಒಂದು ಪದರವನ್ನೂ ಸರಿಸಿ, ಹನ್ನೊಂದರಿಂದ ಮೂರರವರೆಗೆ ಮಾತ್ರ ಎಳೆಯುವ ವ್ಯವಸ್ಥೆ ಮಾಡಿಕೊಂಡರೆ ಸಸಿ ಕುಳ್ಳಗೆ ಗಟ್ಟಿಯಾಗಿ ಬರುತ್ತದೆ. ಕೀಟ ಪರದೆ ಮಾತ್ರ ಮುಚ್ಚಿಯೇ ಇರಲಿ.

ಕೊನೆಯ ವಾರದ ಎಳೆತ ಅಕ್ಕಪಕ್ಕದ ಸಸಿಗಳಿಂದ. 98 ಕುಳಿಯ ಟ್ರೇಯಲ್ಲಿ ಸಸಿಯಿಂದ ಸಸಿಗೆ ನಾಲ್ಕು ಸೆಂಟಿಮೀಟರೂ ಇಲ್ಲ. ಇಪ್ಪತ್ತು ದಿನಕ್ಕೆ ಎಲೆಗೆ ಎಲೆ ತಾಗುತ್ತದೆ. ಸೋಜಿಗ ಎಂದರೆ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವ ಮೊದಲೇ ಸಸಿಗೆ ಪೈಪೋಟಿಯ ಸುಳಿವು ಸಿಕ್ಕಿರುತ್ತದೆ. ಪಕ್ಕದ ಎಲೆಯಿಂದ ತಿರುಗಿ ಬರುವ ಅತಿಗೆಂಪು ಕಿರಣವೇ ಆ ಸುಳಿವು ಎಂಬುದನ್ನು ಅರ್ಜೆಂಟೀನಾದ ವಿಜ್ಞಾನಿಗಳು 1990ರಲ್ಲಿ ತೋರಿಸಿದರು. ಅಲ್ಲಿಂದ ಮುಂದೆ ಪ್ರತಿ ಸಸಿಯೂ ಪಕ್ಕದ್ದಕ್ಕಿಂತ ಮೇಲೆ ಹೋಗಲು ಹವಣಿಸುತ್ತದೆ. ಟ್ರೇಯ ಅಂಚಿನ ಸಸಿಗಳು ಕುಳ್ಳಗೆ, ನಡುವಿನವು ಉದ್ದಕ್ಕೆ ಇರುವುದು ಇದರಿಂದಲೇ.

ಇದಕ್ಕೆ ಮದ್ದು ಸರಿಯಾದ ದಿನಕ್ಕೆ ನಾಟಿ ಮಾಡುವುದು. ಟೊಮೆಟೊಗೆ 21ರಿಂದ 27 ದಿನ, ಚಳಿಯಿದ್ದರೆ ಒಂದೆರಡು ದಿನ ಹೆಚ್ಚು. ಬದನೆ, ಮೆಣಸಿನಕಾಯಿಗೆ ಇನ್ನೂ ಹೆಚ್ಚು ದಿನ ಬೇಕು. ಹೇಳುವುದು ಸುಲಭ. ಮಲ್ಚಿಂಗ್ ಪೇಪರ್ (ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ) ಹಾಸುವ ಆಳು ಸಿಗಲಿಲ್ಲ, ಬೋರ್‌ವೆಲ್ ಮೋಟಾರು ಕೆಟ್ಟಿತು, ಮಂಡಿಯಲ್ಲಿ ಬಾಕ್ಸ್ ರೇಟು ಬಿತ್ತು, ಇನ್ನೊಂದು ವಾರ ನೋಡೋಣ ಅಂದುಕೊಂಡರು, ಹೀಗೆ ನಾರು ಮೂವತ್ತೈದು ದಿನ ಟ್ರೇಯಲ್ಲೇ ಉಳಿಯುತ್ತದೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಗಳಲ್ಲಿ ಎಳೆದುಕೊಂಡ ನಾರಿನ ಅರ್ಧ ಕಥೆ ಈ ಕಾಯುವಿಕೆಯೇ, ಬೀಜ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಬೀಜ ಹಾಕಿಸುವ ಮೊದಲು ಹೊಲದ ಕೆಲಸದ ದಿನ ಗೊತ್ತು ಮಾಡಿಕೊಳ್ಳಬೇಕು. ತಡ ಆಗುವುದು ಖಚಿತವಾದರೆ ಟ್ರೇಗಳ ನಡುವೆ ಒಂದು ಗೇಣು ಬಿಟ್ಟು ಹರಡಿಸಿ, ನೆರಳು ತೆಗೆಸಿ, ನೀರು ಕಡಿಮೆ ಮಾಡಿಸಬೇಕು. ನಾಟಿಗೆ ಮುಂಚಿನ ನಾಲ್ಕೈದು ದಿನ ಹೀಗೆ ಸಸಿಯನ್ನು ಬಿಸಿಲಿಗೂ ಬಾಯಾರಿಕೆಗೂ ಒಗ್ಗಿಸುವುದಕ್ಕೆ ನರ್ಸರಿಯವರು ಹಾರ್ಡನಿಂಗ್ ಅನ್ನುತ್ತಾರೆ.

ನೀರು, ಗೊಬ್ಬರದ ಕೈ ಧಾರಾಳವಾದರೂ ದಂಟು ಮೆತ್ತಗಾಗುತ್ತದೆ. ಸಂಜೆ ನೀರು ಹಾಕಿದರೆ ರಾತ್ರಿಯೆಲ್ಲ ಟ್ರೇ ತೇವ, ಬುಡ ಕೊಳೆಗೂ ಅದೇ ದಾರಿ. ಆದ್ದರಿಂದ ನೀರು ಬೆಳಿಗ್ಗೆಯೇ. ಯೂರಿಯಾ ನೀರು ಬೇಡ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳುವುದು ಲೀಟರಿಗೆ 3 ಗ್ರಾಂ ಹತ್ತೊಂಬತ್ತು-ಆಲ್ (ನೀರಿನಲ್ಲಿ ಕರಗುವ 19:19:19 ಗೊಬ್ಬರ), ಬಿತ್ತಿದ 12ನೇ ಮತ್ತು 20ನೇ ದಿನ. ಸಸಿ ಈಗಾಗಲೇ ಉದ್ದ ಹೋಗುತ್ತಿದ್ದರೆ ಎರಡನೆಯದನ್ನು ಬಿಟ್ಟರೂ ನಡೆಯುತ್ತದೆ.

ಕುಳ್ಳಾಗಿಸುವ ಔಷಧಿಗಳೂ ಇವೆ. ದಂಟನ್ನು ಹಿಗ್ಗಿಸುವ ಹಾರ್ಮೋನು ಜಿಬ್ಬರೆಲಿನ್. ಭತ್ತದ ಪೈರನ್ನು ವಿಪರೀತ ಉದ್ದ ಎಳೆದು ಬೀಳಿಸುವ ಒಂದು ಶಿಲೀಂಧ್ರ ರೋಗವನ್ನು ಜಪಾನಿನ ಕುರೊಸಾವಾ 1926ರಲ್ಲಿ ಪರೀಕ್ಷಿಸಿದಾಗ ಇದರ ಎಳೆ ಸಿಕ್ಕಿತ್ತು. ಈ ಹಾರ್ಮೋನು ತಯಾರಾಗದಂತೆ ತಡೆಯುವ ಪ್ಯಾಕ್ಲೊಬ್ಯುಟ್ರಜಾಲ್ ಮಾವಿನ ಬುಡಕ್ಕೆ ಹಾಕುವ ಶ್ರೀನಿವಾಸಪುರದವರಿಗೆ ಪರಿಚಿತ. ತರಕಾರಿ ಟ್ರೇಗೆ ಅದನ್ನು ತರುವುದು ನನಗೆ ಸರಿ ಕಾಣುವುದಿಲ್ಲ. ಮಣ್ಣಿನಲ್ಲಿ ಬಹಳ ಕಾಲ ಉಳಿಯುವ ವಸ್ತು ಅದು, ಪ್ರಮಾಣ ಸ್ವಲ್ಪ ಮೀರಿದರೂ ಸಸಿ ಹೊಲಕ್ಕೆ ಹೋದ ಮೇಲೂ ಮುದುರಿಕೊಂಡೇ ಇರುತ್ತದೆ. ಅದಕ್ಕಿಂತ ಸಸಿಗಳ ತುದಿಯ ಮೇಲೆ ದಿನಕ್ಕೆ ಹತ್ತಿಪ್ಪತ್ತು ಸಲ ಹಗುರ ಪಿವಿಸಿ ಪೈಪನ್ನು ಮೆಲ್ಲಗೆ ಆಡಿಸುವುದು ವಾಸಿ. ಗಾಳಿಯ ಅಲುಗಾಟಕ್ಕೆ ದಂಟು ಗಿಡ್ಡವಾಗಿ ದಪ್ಪವಾಗುವುದು ಗಿಡಗಳ ಸ್ವಭಾವ; ಮುಚ್ಚಿದ ನೆಟ್‌ಹೌಸಿನಲ್ಲಿ ಗಾಳಿ ಇಲ್ಲದ್ದನ್ನು ಪೈಪು ತುಂಬಿಕೊಡುತ್ತದೆ. ಎಲೆ ಒಣಗಿರುವಾಗ ಮಾತ್ರ ಆಡಿಸಬೇಕು. ಬೀಡಿ ಸೇದಿದ ಕೈ ತೊಳೆಯದೆ ಸಸಿ ಮುಟ್ಟಬಾರದು, ತಂಬಾಕಿನ ಮೊಸಾಯಿಕ್ ವೈರಸ್ ಟೊಮೆಟೊಗೂ ಹತ್ತುತ್ತದೆ.

ಎಷ್ಟು ಜೋಪಾನ ಮಾಡಿದರೂ ಕೆಲವು ಟ್ರೇ ಎಳೆದುಕೊಳ್ಳುತ್ತವೆ. ಅವನ್ನು ಮಾಮೂಲಿನಂತೆ ನೆಟ್ಟರೆ ಆಗುವುದೇನು? ದಂಟು ಬಾಗಿ ಕಾದ ಮಲ್ಚಿಂಗ್ ಪೇಪರಿನ ಮೇಲೆ ಒರಗುತ್ತದೆ, ತೂತಿನ ಅಂಚು ತಾಗಿದ ಕಡೆ ಕಂದು ಬಣ್ಣದ ಉಂಗುರ ಬೀಳುತ್ತದೆ, ಎರಡು ದಿನದಲ್ಲಿ ಮೇಲಿನ ಭಾಗ ಬಾಡುತ್ತದೆ. ಟೊಮೆಟೊಗೆ ಇದರಿಂದ ಪಾರಾಗುವ ದಾರಿ ಇದೆ. ಅದರ ದಂಟಿನುದ್ದಕ್ಕೂ ಬೇರೊಡೆಯುತ್ತದೆ. ಬೀಜದೆಲೆ ಚಿವುಟಿ ಹಾಕಿ, ಗುಂಡಿ ಆಳ ಮಾಡಿ, ಮೊದಲ ನಿಜವಾದ ಎಲೆಯ ಕೆಳಗಿನವರೆಗೆ ಹೂತು, ಬುಡದ ಮಣ್ಣು ಅದುಮಿ, ಸಂಜೆ ಹೊತ್ತು ನೆಟ್ಟರೆ ಆ ಸಸಿ ಹಿಡಿದುಕೊಳ್ಳುತ್ತದೆ. ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ಇಷ್ಟು ಸುಲಭವಾಗಿ ದಂಟಿನಲ್ಲಿ ಬೇರು ಬಿಡುವುದಿಲ್ಲ, ಆಳ ಹೂತರೆ ಬುಡ ಕೊಳೆಯುವ ಭಯ. ಅವಕ್ಕೆ ಪಕ್ಕದಲ್ಲಿ ಸಣ್ಣ ಕಡ್ಡಿ ಊರಿ ಆಸರೆ ಕೊಡುವುದೇ ಸರಿ. ಎಲೆಕೋಸನ್ನು ಬೀಜದೆಲೆಯ ಮಟ್ಟದವರೆಗೆ ಇಳಿಸಬಹುದು. ಎಳೆದುಕೊಂಡ ಕಲ್ಲಂಗಡಿ ಸಸಿಯನ್ನು ನಂಬದೆ ಮತ್ತೆ ಬೀಜ ಹಾಕುವುದು ಲೇಸು. ಕಸಿ ಮಾಡಿದ ಟೊಮೆಟೊ, ಬದನೆ ಸಸಿ ತಂದವರು ಮಾತ್ರ ಎಷ್ಟೇ ಉದ್ದವಿದ್ದರೂ ಕಸಿಯ ಗಂಟನ್ನು ಮಣ್ಣಿನ ಮೇಲೇ ಬಿಡಬೇಕು. ಗಂಟು ಹೂತರೆ ಮೇಲಿನ ತಳಿಯೇ ಬೇರು ಬಿಟ್ಟು, ಸೊರಗು ರೋಗ ತಡೆಯುವ ಕೆಳಗಿನ ತಳಿಯ ಬೇರಿಗೆಂದು ಕೊಟ್ಟ ಹೆಚ್ಚಿನ ದುಡ್ಡು ದಂಡವಾಗುತ್ತದೆ.